ಮೊದಲ ಪಾಠದ ವಿಮಾನ

ಲೋಕವು ಮೆಚ್ಚುವುದು ವೇಗವನ್ನು. ಯಾವ ವಿಮಾನ ಶಬ್ದವನ್ನು ಹಿಂದೆ ಹಾಕಿ ಓಡುತ್ತದೆ, ಯಾವುದು ಎಷ್ಟು ಭಾರದ ಬಾಂಬುಗಳನ್ನು ಹೊರುತ್ತದೆ, ಯಾವುದನ್ನು ಎಷ್ಟು ಕೋಟಿ ಕೊಟ್ಟು ಕೊಂಡರು ಎಂಬ ಸುದ್ದಿಗಳನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. ನಾವೂ ಚಹದ ಅಂಗಡಿಯಲ್ಲಿ ಕುಳಿತು ಅದನ್ನೇ ಚರ್ಚಿಸುತ್ತೇವೆ. ಆದರೆ ಆ ವೇಗದ ವಿಮಾನವನ್ನು ನಡೆಸುವ ಯುವಕ ತನ್ನ ಮೊದಲ ಪಾಠವನ್ನು ಯಾವ ವಿಮಾನದಲ್ಲಿ ಕಲಿತನೆಂದು ಕೇಳುವವರು ವಿರಳ. ಆ ಮೊದಲ ಪಾಠದ ವಿಮಾನ ನಿಧಾನವಾದುದು, ಅಗ್ಗವಾದುದು, ನೋಡಲು ಬಡಪಾಯಿಯಾದುದು. ಅದಕ್ಕೆ ಬಿರುದಿಲ್ಲ, ಬಾವಲಿಯಿಲ್ಲ. ಆದರೂ ವಾಯುಪಡೆಯ ಬಲವಾಗಲಿ ನೌಕಾಪಡೆಯ ಬಲವಾಗಲಿ ನಿಂತಿರುವುದು ಅದರ ಮೇಲೆಯೇ ಎಂಬುದು ನನ್ನ ಅಭಿಪ್ರಾಯ. ಮೊದಲ ಪಾಠವನ್ನು ಅಲಕ್ಷಿಸಿದ ದೇಶ ಬೆಲೆ ತೆರುತ್ತದೆ. ಹಾಗೆಯೇ ಊರು, ಹಾಗೆಯೇ ಕಾಲೇಜು. ಈ ಮಾತನ್ನು ಸಾಧಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ವಿಮಾನದ ಗೊಡವೆ ಏಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಅದಕ್ಕೆ ನನ್ನ ಉತ್ತರ ಸರಳವಾಗಿದೆ. ನಮ್ಮ ಜಿಲ್ಲೆಯ ಆಕಾಶವೇ ಒಂದು ಪಾಠಶಾಲೆ. ಬೀದರದ ವಾಯುಪಡೆ ನಿಲ್ದಾಣದಿಂದ ಏರುವ ತರಬೇತಿ ವಿಮಾನಗಳ ಸದ್ದು ಹುಮನಾಬಾದದ ಹೊಲಗಳಲ್ಲಿ ತೊಗರಿ ಕೊಯ್ಯುವವರಿಗೂ, ಬಸವಕಲ್ಯಾಣದ ಕೋಟೆಯ ಮೇಲೆ ನಿಂತವರಿಗೂ ಕೇಳಿಬರುವುದುಂಟು. ನಾವು ತಲೆಯೆತ್ತಿ ನೋಡುತ್ತೇವೆ, ಬೆರಳು ತೋರಿಸುತ್ತೇವೆ, ಮತ್ತೆ ತಲೆ ತಗ್ಗಿಸಿ ನಮ್ಮ ಕೆಲಸಕ್ಕೆ ತೊಡಗುತ್ತೇವೆ. ಆ ಶಾಲೆಯಲ್ಲಿ ಕುಳಿತವರು ಬಿಹಾರದವರು, ಮಧ್ಯಪ್ರದೇಶದವರು, ಹರಿಯಾಣದವರು, ಕೇರಳದವರು. ನಮ್ಮ ತಾಲೂಕುಗಳ ಹುಡುಗ ಹುಡುಗಿಯರು ಅಲ್ಲಿ ಏಕೆ ಇಷ್ಟು ಅಪರೂಪ ಎಂಬ ಪ್ರಶ್ನೆ ವಿಜ್ಞಾನದವರಿಗೆ ಎಷ್ಟು ಸೇರಿದುದೋ ನಮಗೂ ಅಷ್ಟೇ ಸೇರಿದುದು.

ಮೊದಲು ದೂರದ ಒಂದು ನಿದರ್ಶನವನ್ನು ನೋಡೋಣ. 1934ರಲ್ಲಿ ಅಮೆರಿಕದ ಶಾಸನ ಸಭೆ ವಿನ್ಸನ್-ಟ್ರಾಮೆಲ್ ಎಂಬ ಕಾಯಿದೆಯನ್ನು ಅಂಗೀಕರಿಸಿತು. ನೌಕಾಪಡೆಗೆ ಬೇಕಾದ ವಿಮಾನಗಳಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಸರ್ಕಾರದ ಸ್ವಂತ ಕಾರ್ಖಾನೆಯಲ್ಲಿ ತಯಾರಿಸಬೇಕೆಂಬುದು ಅದರಲ್ಲಿದ್ದ ಒಂದು ನಿಯಮ. ಫಿಲಡೆಲ್ಫಿಯಾದಲ್ಲಿ 1917ರಲ್ಲಿಯೇ ಸ್ಥಾಪಿತವಾಗಿದ್ದ ನೌಕಾ ವಿಮಾನ ಕಾರ್ಖಾನೆ ಈ ಅವಕಾಶವನ್ನು ಹೇಗೆ ಬಳಸಿಕೊಂಡಿತು ಗೊತ್ತೆ? ಅಲ್ಲಿ ಬಹು ಸಂಖ್ಯೆಯಲ್ಲಿ ತಯಾರಾದುದು ಎನ್3ಎನ್ ಎಂಬ ಜೋಡಿ ರೆಕ್ಕೆಯ ತರಬೇತಿ ವಿಮಾನ. 1935ರಲ್ಲಿ ಅದು ಮೊದಲ ಬಾರಿಗೆ ಹಾರಿತು. ಒಟ್ಟು 997 ವಿಮಾನಗಳು ತಯಾರಾದವು. ಅದರ ಎಂಜಿನನ್ನು ತಯಾರಿಸುವ ಹಕ್ಕನ್ನೂ ನೌಕಾಪಡೆ ಕೊಂಡುಕೊಂಡು ತನ್ನ ಕಾರ್ಖಾನೆಯಲ್ಲಿಯೇ ಮಾಡಿಸಿತು. ಸುತ್ತಲೂ ಹಳದಿ ಬಣ್ಣ ಬಳಿದ ಆ ವಿಮಾನ ಗಂಟೆಗೆ ಸುಮಾರು 200 ಕಿಲೋಮೀಟರಿಗಿಂತ ಹೆಚ್ಚು ವೇಗವಾಗಿ ಹಾರಲಾರದು. ಆದರೂ ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ನೌಕಾ ಪೈಲಟ್‌ಗಳು ಅಕ್ಷರ ತಿದ್ದಿದುದು ಅದರಲ್ಲಿ. ಯುದ್ಧ ಮುಗಿದ ಮೇಲೂ ಆನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ, ಚಕ್ರಗಳ ಬದಲು ನೀರಿನ ಮೇಲೆ ತೇಲುವ ದೋಣಿಯನ್ನು ಕಟ್ಟಿಕೊಂಡು, ಅದು 1961ರವರೆಗೆ ಸೇವೆ ಸಲ್ಲಿಸಿತು. ಅಮೆರಿಕದ ಸೇನೆಯಲ್ಲಿ ಕಡೆಯವರೆಗೂ ಉಳಿದ ಜೋಡಿ ರೆಕ್ಕೆಯ ವಿಮಾನವೆಂದರೆ ಅದೇ. ಜೆಟ್ ಯುಗ ಬಂದು ಹದಿನೈದು ವರ್ಷ ಕಳೆದರೂ ಆ ಶ್ರೀಮಂತ ದೇಶ ತನ್ನ ಹಳೆಯ ಉಪಾಧ್ಯಾಯನನ್ನು ಮನೆಯಿಂದ ಹೊರಗೆ ಹಾಕಲಿಲ್ಲ.

ಜೋಡಿ ರೆಕ್ಕೆಯೇ ಏಕೆ? ಒಂದರ ಮೇಲೊಂದು ಎರಡು ರೆಕ್ಕೆಗಳನ್ನಿಟ್ಟು, ನಡುವೆ ಕಂಬಗಳನ್ನೂ ಬಿಗಿದ ತಂತಿಗಳನ್ನೂ ಕೊಟ್ಟರೆ, ಅದು ಸೇತುವೆಯ ಕಟ್ಟಿನಂತೆ ಹಗುರವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ರೆಕ್ಕೆಯ ಒಟ್ಟು ಹರವು ಹೆಚ್ಚಾದುದರಿಂದ ಕಡಿಮೆ ವೇಗದಲ್ಲಿಯೂ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ. ನೆಲಕ್ಕೆ ಇಳಿಯುವಾಗಲೂ ನಿಧಾನವಾಗಿ ಇಳಿಯುತ್ತದೆ. ಕಲಿಯುವವನು ತಪ್ಪು ಮಾಡಿದರೆ ತಿದ್ದಿಕೊಳ್ಳಲು ನಾಲ್ಕು ಕ್ಷಣ ಹೆಚ್ಚು ಸಿಗುತ್ತದೆ. ಆದರೆ ಆ ವಿಮಾನ ಬರಿಯ ಮುದ್ದಿನ ತಾಯಿಯೂ ಅಲ್ಲ. ಅದರ ಮೂರನೆಯ ಚಕ್ರ ಬಾಲದ ಕೆಳಗಿರುವುದರಿಂದ, ಇಳಿದ ಮೇಲೆ ಕಾಲುಗಳು ಸ್ವಲ್ಪ ಸೋಮಾರಿತನ ತೋರಿದರೂ ಗರ್ರನೆ ತಿರುಗಿ ನಿಂತು ಬಿಡುತ್ತದೆ. ತಪ್ಪನ್ನು ಕ್ಷಮಿಸುತ್ತದೆ, ಆದರೆ ಮುಚ್ಚಿಡುವುದಿಲ್ಲ. ಒಳ್ಳೆಯ ಉಪಾಧ್ಯಾಯನ ಲಕ್ಷಣವೂ ಇದೇ ಅಲ್ಲವೆ?

ಇಂಥ ವಿಮಾನದಲ್ಲಿ ಗುರು ಒಂದು ಕುಳಿಯಲ್ಲಿ, ಶಿಷ್ಯ ಇನ್ನೊಂದು ಕುಳಿಯಲ್ಲಿ, ಒಬ್ಬರ ಹಿಂದೆ ಒಬ್ಬರು ಕುಳಿತಿರುತ್ತಾರೆ. ಇಬ್ಬರ ಕೈಯಲ್ಲಿಯೂ ಹಿಡಿಕೆ; ಒಂದನ್ನು ಅಲುಗಿಸಿದರೆ ಇನ್ನೊಂದೂ ಅಲುಗುತ್ತದೆ. ಗುರುವಿನ ಮಾತು ಒಂದು ಕೊಳವೆಯ ಮೂಲಕ ಶಿಷ್ಯನ ಕಿವಿಗೆ ಬರುತ್ತದೆ. ಈ ಪದ್ಧತಿಗೆ ಒಂದು ಇತಿಹಾಸವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಅನೇಕ ತರುಣರು ಶತ್ರುವಿನ ಮುಖ ನೋಡುವ ಮೊದಲೇ ತರಬೇತಿಯಲ್ಲಿ ಸಾಯುತ್ತಿದ್ದರು. ಅಪಾಯವಾದ ಚಲನೆಗಳ ಹತ್ತಿರ ಹೋಗಬೇಡಿ ಎಂಬುದೇ ಆಗಿನ ಪಾಠ. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಗಾಸ್ಪೋರ್ಟ್ ಎಂಬ ಊರಿನ ಶಾಲೆಯಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದನು. ಶಿಷ್ಯನನ್ನು ಗುರು ತಾನೇ ಅಪಾಯದೊಳಗೆ ಕರೆದೊಯ್ಯಬೇಕು, ವಿಮಾನ ಸುತ್ತುತ್ತ ಬೀಳುವಂತೆ ಮಾಡಬೇಕು, ಅದರಿಂದ ಹೊರಗೆ ಬರುವ ಬಗೆಯನ್ನು ಶಿಷ್ಯನ ಕೈಯಿಂದಲೇ ಮಾಡಿಸಬೇಕು. ಆಗ ಭಯ ತಾನಾಗಿಯೇ ಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಪ್ರಪಂಚದ ಹಾರಾಟ ಶಾಲೆಗಳೆಲ್ಲ ಕ್ರಮೇಣ ಇದನ್ನು ಒಪ್ಪಿದವು. ಆ ಮಾತಿನ ಕೊಳವೆಗೆ ಇಂಗ್ಲಿಷಿನಲ್ಲಿ ಗಾಸ್ಪೋರ್ಟ್ ಎಂದೇ ಹೆಸರು ನಿಂತಿತು.

ನೌಕಾಪಡೆಯ ಪೈಲಟ್‌ಗಂತೂ ಈ ಮೊದಲ ಪಾಠ ಪ್ರಾಣಕ್ಕೆ ಸಮಾನ. ನೆಲದ ಮೇಲಿನ ಓಡುದಾರಿ ಅಲುಗಾಡದೆ ಬಿದ್ದಿರುತ್ತದೆ; ಸಾವಿರಾರು ಅಡಿ ಉದ್ದವಾಗಿರುತ್ತದೆ. ವಿಮಾನವಾಹಕ ನೌಕೆಯ ಅಟ್ಟವಾದರೋ ತಾನೂ ಮುಂದೆ ಸಾಗುತ್ತ, ಅಲೆಗಳೊಡನೆ ಏರುತ್ತ ಇಳಿಯುತ್ತ ಇರುತ್ತದೆ. ಅಲ್ಲಿ ಇಳಿಯುವವನು ತನ್ನ ವೇಗವನ್ನು ಕೈಬೆರಳಿನ ತುದಿಯಲ್ಲಿ ಹಿಡಿದಿರಬೇಕು. ಹೆಚ್ಚಾದರೆ ಅಟ್ಟವನ್ನು ದಾಟಿ ನೀರಿಗೆ, ಕಡಿಮೆಯಾದರೆ ಅಟ್ಟ ಮುಟ್ಟುವ ಮೊದಲೇ ನೀರಿಗೆ. ಹೀಗೆ ನಿಧಾನವಾಗಿ ಹಾರುವ ವಿದ್ಯೆಯೇ ಅವನಿಗೆ ಅತ್ಯಂತ ಕಷ್ಟದ ವಿದ್ಯೆ. ಅದನ್ನು ಕಲಿಸಬಲ್ಲುದು ನಿಧಾನದ ವಿಮಾನವೇ ಹೊರತು ಬೇರೆಯಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮವರಿಗೆ ಮೊದಲ ಪಾಠ ಹೇಳಿದುದೂ ಒಂದು ಜೋಡಿ ರೆಕ್ಕೆಯ ವಿಮಾನವೇ. ಅದು ಇಂಗ್ಲೆಂಡಿನ ಟೈಗರ್ ಮಾತ್. 1931ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ 130 ಅಶ್ವಶಕ್ತಿಯ ಎಂಜಿನು, ಬಟ್ಟೆ ಹೊದಿಸಿದ ಮೈ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೋಧಪುರದಲ್ಲಿಯೂ, ನಮ್ಮ ಭಾಗ ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನದ ಬೇಗಂಪೇಟೆಯಲ್ಲಿಯೂ ಪ್ರಾಥಮಿಕ ಹಾರಾಟ ಶಾಲೆಗಳು ಇದೇ ವಿಮಾನದಿಂದ ನಡೆದವು. ಸ್ವಾತಂತ್ರ್ಯ ಬಂದ ಮೇಲೆ, ಮೊದಲ ಪಾಠಕ್ಕೂ ಪರದೇಶದ ವಿಮಾನವೇ ಬೇಕೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ದೊರೆತುದು ಕರ್ನಾಟಕದಲ್ಲಿ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ, ಡಾಕ್ಟರ್ ವಿ. ಎಂ. ಘಾಟಗೆಯವರು ಎಚ್.ಟಿ.-2 ಎಂಬ ಪೂರ್ಣ ಲೋಹದ ತರಬೇತಿ ವಿಮಾನವನ್ನು ರೂಪಿಸಿದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಖ್ಯಾತ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಕಲಿತು ಬಂದು, ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗವನ್ನು ಕಟ್ಟಿದವರು ಇವರೇ. 1951ರ ಆಗಸ್ಟ್ 5ರಂದು ಜಮಶೇದ್ ಮುನ್ಷಿಯವರು ಅದನ್ನು ಮೊದಲ ಬಾರಿಗೆ ಹಾರಿಸಿದರು. ಅದಕ್ಕೆ ಒಂದೇ ಜೊತೆ ರೆಕ್ಕೆ. ಜೋಡಿ ರೆಕ್ಕೆಯ ಕಾಲ ಆಗ ಮುಗಿಯುತ್ತ ಬಂದಿದ್ದಿತು. ಆದರೆ ಗುಣ ಮಾತ್ರ ಅದೇ: ಹಿಂದೆ ಮುಂದೆ ಎರಡು ಪೀಠ, ಬಾಲದ ಚಕ್ರ, ನಿಧಾನ, ನೇರನುಡಿ. ಟೈಗರ್ ಮಾತ್‌ನ ಪೀಠವನ್ನು ಅದು ವಹಿಸಿಕೊಂಡಿತು. ವಾಯುಪಡೆಯ ಜೊತೆಗೆ, 1953ರಲ್ಲಿ ಕೊಚ್ಚಿಯಲ್ಲಿ ಗರುಡ ಎಂಬ ವಾಯುನೆಲೆಯನ್ನು ಆರಂಭಿಸಿದ್ದ ನೌಕಾಪಡೆಯೂ ಎಚ್.ಟಿ.-2 ವಿಮಾನಗಳನ್ನು ಇರಿಸಿಕೊಂಡಿತು. ಹೊಸದಾಗಿ ಸ್ವತಂತ್ರವಾದ ಆಫ್ರಿಕದ ಘಾನಾ ದೇಶ ತನ್ನ ವಾಯುಪಡೆಗಾಗಿ ಹನ್ನೆರಡನ್ನು ಕೊಂಡುಕೊಂಡಿತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ, ಸೂಜಿಯನ್ನೂ ಹೊರಗಿನಿಂದ ತರಿಸುತ್ತಿದ್ದಾರೆಂದು ನಾವೇ ನಮ್ಮನ್ನು ಹಳಿದುಕೊಳ್ಳುತ್ತಿದ್ದ ಕಾಲದಲ್ಲಿ, ಇದು ಸಾಧ್ಯವಾಯಿತು ಎಂಬುದನ್ನು ನಾವು ಮರೆಯಲಾಗದು.

ಈ ಕಥೆ ಬೀದರದ ಮಣ್ಣಿಗೂ ಬಂದು ಸೇರುತ್ತದೆ. ಬೀದರದ ವಿಮಾನ ನಿಲ್ದಾಣದ ಹಳೆಯ ನೆನಪು ಅಷ್ಟು ಹಿತವಾದುದಲ್ಲ. 1948ರಲ್ಲಿ, ಪೊಲೀಸ್ ಕಾರ್ಯಾಚರಣೆಗೆ ಮುಂಚೆ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಸಾಹಸಿ ಕರಾಚಿಯಿಂದ ರಾತ್ರಿಯ ವೇಳೆ ವಿಮಾನಗಳಲ್ಲಿ ನಿಜಾಮನ ಸೈನ್ಯಕ್ಕೆ ಶಸ್ತ್ರಗಳನ್ನು ತಂದು ಇಳಿಸುತ್ತಿದ್ದುದು ಬೀದರ, ವರಂಗಲ್ಲುಗಳ ನಿಲ್ದಾಣಗಳಲ್ಲಿ. ಆ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ದಾರಿಯಿಂದ ಒಳಬಂದಿತು; ಆ ದಾರಿ ನಮ್ಮ ಹುಮನಾಬಾದದ ದಾರಿಯೇ. ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ರಜಾಕಾರರ ಕಾಲವನ್ನೂ ಅದರ ನಂತರದ ದಿನಗಳ ದುಃಖವನ್ನೂ ನಮ್ಮ ಹಿರಿಯರು ಯಾವ ಧರ್ಮದವರಾದರೂ ತಗ್ಗಿದ ದನಿಯಲ್ಲಿಯೇ ಹೇಳುತ್ತಿದ್ದರು. 1956ರಲ್ಲಿ ನಾವು ಕನ್ನಡ ನಾಡನ್ನು ಸೇರಿದೆವು, ಕಲ್ಯಾಣಿಯು ಬಸವಕಲ್ಯಾಣವಾಯಿತು. ಮುಂದೆ 1960ರ ದಶಕದಲ್ಲಿ ಅದೇ ಬೀದರದ ನಿಲ್ದಾಣದಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ನಡೆಯತೊಡಗಿತು, ಬೆಂಗಳೂರಿನ ಎಚ್.ಟಿ.-2 ನಮ್ಮ ನೆತ್ತಿಯ ಮೇಲೆ ಸುತ್ತತೊಡಗಿತು. ಕತ್ತಲೆಯಲ್ಲಿ ಬಂದೂಕು ಇಳಿಸುತ್ತಿದ್ದ ನೆಲ ಹಗಲಿನಲ್ಲಿ ಪಾಠ ಹೇಳುವ ನೆಲವಾದುದು ಸಣ್ಣ ಸಂಗತಿಯಲ್ಲ. ನೌಕಾಪಡೆಗೆ ಆಯ್ಕೆಯಾದ ತರುಣರೂ ಮೊದಲು ವಾಯುಪಡೆಯ ಶಾಲೆಗಳಲ್ಲಿ ಕಲಿತು ಆಮೇಲೆ ಸಮುದ್ರಕ್ಕೆ ಹೋಗುವ ಪದ್ಧತಿ ನಮ್ಮಲ್ಲಿ ಬೆಳೆದು ಬಂದಿದೆ. ಕಡಲಿಂದ ನೂರಾರು ಮೈಲಿ ದೂರದ, ಕಡಲನ್ನೇ ಕಾಣದ ಈ ಕೆಂಪು ಕಲ್ಲಿನ ಬಯಲು ಕಡಲಿನ ಪೈಲಟ್‌ಗೂ ದಾರಿ ತೋರಿಸುವುದೆಂದರೆ ನಮಗೆ ಹೆಮ್ಮೆಯಲ್ಲವೆ?

ಇಷ್ಟು ಒಳ್ಳೆಯ ಆರಂಭ ದೊರೆತ ದೇಶ ಮೊದಲ ಪಾಠವನ್ನು ಸದಾ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾಗಿತ್ತು. ಹಾಗಾಗಲಿಲ್ಲ ಎಂದು ವಿಷಾದದಿಂದ ಹೇಳಬೇಕಾಗಿದೆ. ಎಚ್.ಟಿ.-2ರ ನಂತರ ಬಂದ ಎಚ್.ಪಿ.ಟಿ.-32 ದೀಪಕ್ ಎಂಬ ವಿಮಾನ 1977ರಲ್ಲಿ ಮೊದಲು ಹಾರಿತು. ಹಾರಾಟದ ನಡುವೆ ಅದರ ಎಂಜಿನು ನಿಂತುಹೋಗುವ ದೋಷ ಬಹು ಕಾಲ ಕಾಡಿತು. ಅನೇಕ ಅಪಘಾತಗಳಾದವು, ತರುಣ ಪ್ರಾಣಗಳು ಹೋದವು. 2009ರ ಜುಲೈ ತಿಂಗಳಿನಲ್ಲಿ ಇಬ್ಬರು ಬೋಧಕರೇ ಮಡಿದಾಗ ಆ ವಿಮಾನಗಳನ್ನೆಲ್ಲ ನೆಲಕ್ಕೆ ಇಳಿಸಿ ನಿಲ್ಲಿಸಲಾಯಿತು. ಆದರೆ ಅದರ ಜಾಗಕ್ಕೆ ಬರಬೇಕಾದುದು ಸಿದ್ಧವಾಗಿರಲಿಲ್ಲ. ಪರಿಣಾಮವೇನು? ಮೊದಲ ದಿನದ ವಿದ್ಯಾರ್ಥಿಯನ್ನು ನೇರವಾಗಿ ಕಿರಣ್ ಜೆಟ್ ವಿಮಾನದಲ್ಲಿ ಕೂರಿಸಬೇಕಾಯಿತು. ಕಾಗುಣಿತ ಬಾರದವನಿಗೆ ಹಳಗನ್ನಡ ಕಾವ್ಯ ಹಿಡಿಸಿದಂತೆ! 2012ರಲ್ಲಿ ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನಗಳನ್ನು ಕೊಳ್ಳುವ ಒಪ್ಪಂದವಾಗಿ, 2013ರಲ್ಲಿ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಅವು ಪಾಠ ಆರಂಭಿಸಿದ ಮೇಲೆಯೇ ಉಸಿರಾಡುವಂತಾದುದು. 1951ರಲ್ಲಿ ತನ್ನ ಕೈಯಿಂದಲೇ ಮಾಡಿಕೊಂಡ ವಸ್ತುವನ್ನು ಅರವತ್ತು ವರ್ಷಗಳ ನಂತರ ಹೊರಗಿನಿಂದ ತರಬೇಕಾಯಿತೆಂದರೆ ಇದಕ್ಕೆ ಯಾರು ಹೊಣೆ?

ಯಾರೋ ಒಬ್ಬರು ಹೊಣೆಯೆಂದು ನಾನು ಹೇಳುವುದಿಲ್ಲ. ಇದು ನಮ್ಮೆಲ್ಲರ ಸ್ವಭಾವದ ದೋಷ. ಯುದ್ಧ ವಿಮಾನ ಬಂದಿಳಿದಾಗ ಹೂವು ಹಾಕುತ್ತೇವೆ, ಕುಂಕುಮ ಹಚ್ಚುತ್ತೇವೆ. ತರಬೇತಿ ವಿಮಾನ ಬಂದುದು ಯಾರಿಗೂ ಗೊತ್ತಾಗುವುದಿಲ್ಲ. ಮನೆಯ ಗೋಪುರಕ್ಕೆ ಬಣ್ಣ ಬಳಿಯುವವರು ಬಹಳ. ಅಡಿಪಾಯದಲ್ಲಿ ನೀರು ನಿಂತುದನ್ನು ನೋಡುವವರು ಕಡಿಮೆ. ಸಂತೋಷದ ಸಂಗತಿಯೆಂದರೆ, ಬೆಂಗಳೂರಿನ ಕಾರ್ಖಾನೆಯೇ ಮತ್ತೆ ಎಚ್.ಟಿ.ಟಿ.-40 ಎಂಬ ತರಬೇತಿ ವಿಮಾನವನ್ನು ರೂಪಿಸಿ 2016ರಲ್ಲಿ ಹಾರಿಸಿತು. 2023ರಲ್ಲಿ ವಾಯುಪಡೆಗಾಗಿ 70 ವಿಮಾನಗಳ ಒಪ್ಪಂದವಾಯಿತು. ಘಾಟಗೆಯವರ ಪಾಠ ಪೂರ್ತಿ ಮರೆತುಹೋಗಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಈಗ ಇದೇ ಅಳತೆಗೋಲನ್ನು ನಮ್ಮ ಕಡೆಗೆ ತಿರುಗಿಸೋಣ. ವಾಯುಪಡೆಯಲ್ಲಿ ಚೆನ್ನಾಗಿ ಹಾರಬಲ್ಲವನೆಂಬ ಮಾತ್ರಕ್ಕೆ ಯಾರನ್ನೂ ಬೋಧಕನ ಪೀಠದಲ್ಲಿ ಕೂರಿಸುವುದಿಲ್ಲ. ತಾಂಬರಂನಲ್ಲಿ ಬೋಧಕರಿಗಾಗಿಯೇ ಒಂದು ಶಾಲೆಯಿದೆ. ಅಲ್ಲಿ ಅನುಭವಿ ಪೈಲಟ್ ಮತ್ತೆ ವಿದ್ಯಾರ್ಥಿಯಾಗಿ, ಹೇಗೆ ಹೇಳಿದರೆ ಮೊದಲ ದಿನದ ಹುಡುಗನಿಗೆ ಅರ್ಥವಾಗುತ್ತದೆ, ಯಾವಾಗ ಅವನ ಕೈಯಿಂದ ಹಿಡಿಕೆಯನ್ನು ತೆಗೆದುಕೊಳ್ಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿಯುತ್ತಾನೆ. ಬಲ್ಲವನೆಲ್ಲ ಕಲಿಸಬಲ್ಲವನಲ್ಲವೆಂದು ಅವರು ಅರಿತಿದ್ದಾರೆ. ನಮ್ಮಲ್ಲಿ ಮೊದಲ ವರ್ಷದ ಬಿ.ಎ. ತರಗತಿಯೆಂದರೆ ಎಲ್ಲರಿಗಿಂತ ಹೊಸಬರ ಪಾಲು, ಇಲ್ಲವೇ ವರ್ಷದ ನಡುವೆ ಬಂದು ವರ್ಷದ ಕೊನೆಗೆ ಹೋಗುವ ಅತಿಥಿ ಉಪನ್ಯಾಸಕರ ಪಾಲು ಎಂಬ ವಾಡಿಕೆ ನಾಡಿನ ಅನೇಕ ಕಾಲೇಜುಗಳಲ್ಲಿ ಬೆಳೆದಿದೆ. ಅತಿಥಿ ಉಪನ್ಯಾಸಕರಲ್ಲಿ ಶ್ರದ್ಧೆ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಕೆಲಸದ ಭರವಸೆಯೇ ಇಲ್ಲದೆಯೂ ಅವರಲ್ಲಿ ಅನೇಕರು ಪ್ರೀತಿಯಿಂದ ಕಲಿಸುತ್ತಾರೆ. ಆದರೆ ಹಳ್ಳಿಯ ಶಾಲೆಯಿಂದ ನೇರವಾಗಿ ಬಂದು, ಗ್ರಂಥಾಲಯದ ಬಾಗಿಲಲ್ಲಿ ಅಂಜಿ ನಿಲ್ಲುವ ಹುಡುಗನಿಗೆ ಕಾಲೇಜಿನ ಅತ್ಯಂತ ಅನುಭವಿ ಗುರು ದೊರೆಯಬೇಕಾದುದು ಮೊದಲ ವರ್ಷದಲ್ಲಿಯೇ ಅಲ್ಲವೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಹೇಳುವ ನಾವು ಗಿಡಕ್ಕೆ ನೀರೆರೆಯುವ ಹೊತ್ತಿನಲ್ಲಿ ಕೊಡವನ್ನು ಮರದ ಬುಡಕ್ಕೆ ಒಯ್ಯುತ್ತೇವೆ.

ವಿದ್ಯಾರ್ಥಿಗಳಾದ ನಮ್ಮ ಪಾಲೂ ಇದರಲ್ಲಿದೆ. ಹಾರಾಟದ ಶಾಲೆಯಲ್ಲಿ ಒಂದು ದಿನ ಗುರು ವಿಮಾನದಿಂದ ಇಳಿದು, ಇನ್ನು ನೀನೊಬ್ಬನೇ ಹೋಗು ಎನ್ನುತ್ತಾನೆ. ಅಂದಿನವರೆಗಿನ ಪಾಠವೆಲ್ಲ ಆ ಒಂದು ಸುತ್ತಿಗಾಗಿ. ನಮ್ಮ ವಿದ್ಯಾಭ್ಯಾಸದಲ್ಲಿ ಆ ಸುತ್ತು ಎಲ್ಲಿದೆ? ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಗೈಡು ಕೊಂಡು, ಇನ್ನೊಬ್ಬರು ಬರೆದ ಉತ್ತರವನ್ನು ಬಾಯಿಪಾಠ ಮಾಡಿ, ಬರೆದು ಬರುತ್ತೇವೆ. ಮೂರು ವರ್ಷವೂ ಬೇರೊಬ್ಬರ ಕೈ ನಮ್ಮ ಹಿಡಿಕೆಯ ಮೇಲೆಯೇ ಇರುತ್ತದೆ. ಮೂಲ ಗ್ರಂಥವನ್ನು ತಾನೇ ಓದಿ, ತಪ್ಪೋ ಸರಿಯೋ ತನ್ನ ಮಾತಿನಲ್ಲಿ ಒಂದು ಪುಟ ಬರೆಯುವವನು ಒಬ್ಬನೇ ಹಾರಿದ ಹಾಗೆ. ಆ ಒಂದು ಪುಟವನ್ನು ನಮ್ಮಿಂದ ಬರೆಯಿಸಿಕೊಳ್ಳಿರಿ, ಕೆಂಪು ಮಸಿಯಿಂದ ತಿದ್ದಿ ಹಿಂದಕ್ಕೆ ಕೊಡಿರಿ ಎಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.

ಇನ್ನು ಆಕಾಶದ ಬಾಗಿಲಿನ ಮಾತು. ನಮ್ಮ ತರಗತಿಯ ಮಿತ್ರರಲ್ಲಿ ಎಷ್ಟು ಜನಕ್ಕೆ ಗೊತ್ತು? ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ವಾಯುಪಡೆಗಾಗಲಿ ನೌಕಾಪಡೆಗಾಗಲಿ ಸೇರಬೇಕಾದರೆ ಪಿ.ಯು.ಸಿ.ಯಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿರಬೇಕು. ವಯಸ್ಸು ಹದಿನಾರೂವರೆಗೆ ಮೇಲೆ, ಹತ್ತೊಂಬತ್ತೂವರೆಗೆ ಒಳಗೆ ಇರಬೇಕು. ಬಿ.ಎ. ಪದವೀಧರನೂ ವಾಯುಪಡೆಯ ಹಾರಾಟ ಶಾಖೆಗೆ ಅರ್ಜಿ ಹಾಕಬಹುದು, ಆದರೆ ಪಿ.ಯು.ಸಿ.ಯಲ್ಲಿ ಆ ಎರಡು ವಿಷಯಗಳು ಅವನಿಗೆ ಇದ್ದಿರಬೇಕು. ಅಂದರೆ ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಹದಿನೈದು ಹದಿನಾರರ ವಯಸ್ಸಿನಲ್ಲಿ, ಗಣಿತ ಕಷ್ಟವೆಂದೋ ವಿಜ್ಞಾನದ ಕಾಲೇಜು ದೂರವೆಂದೋ ಬಸ್ಸಿನ ಖರ್ಚು ಹೆಚ್ಚೆಂದೋ ಕಲಾ ವಿಭಾಗಕ್ಕೆ ಸಹಿ ಹಾಕಿದ ಕ್ಷಣದಲ್ಲಿಯೇ ಒಂದು ಬಾಗಿಲು ಮುಚ್ಚಿಹೋಗುತ್ತದೆ. ಮುಚ್ಚಿದ ಸದ್ದೂ ನಮಗೆ ಕೇಳಿಸುವುದಿಲ್ಲ. ನಾನು ಕಲಾ ವಿಭಾಗವನ್ನು ಹೀನವೆಂದು ಬಗೆದವನಲ್ಲ; ಇತಿಹಾಸವನ್ನು ಪ್ರೀತಿಸಿಯೇ ಆರಿಸಿಕೊಂಡವನು. ಆದರೆ ಆರಿಸಿಕೊಳ್ಳುವುದು ಬೇರೆ, ತಿಳಿಯದೆ ಬಂದು ಬೀಳುವುದು ಬೇರೆ. ನಮ್ಮಲ್ಲಿ ಎಷ್ಟೋ ಜನ ಎರಡನೆಯ ಬಗೆಯವರು.

ಅದರ ಮೇಲೆ ಭಾಷೆಯ ತೊಡಕು. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಹಿಂದಿ ಮನೆಮಾತಾದ ಸಣ್ಣ ಊರಿನ ಹುಡುಗನಿಗೆ ಇರುವ ಸಣ್ಣ ಊರುಗೋಲು ಬಸವಕಲ್ಯಾಣದ ಕನ್ನಡ ಶಾಲೆಯ ಹುಡುಗನಿಗೆ ಇಲ್ಲ. 371(ಜೆ) ವಿಧಿ ನಮ್ಮ ಭಾಗಕ್ಕೆ ರಾಜ್ಯದ ಹುದ್ದೆಗಳಲ್ಲಿಯೂ ಕಾಲೇಜು ಸೀಟುಗಳಲ್ಲಿಯೂ ನ್ಯಾಯ ಒದಗಿಸಿದೆ. ಆಕಾಶದ ಬಾಗಿಲಿಗೆ ಅದು ತಾಗುವುದಿಲ್ಲ. ಗಣಿತವನ್ನೂ ಭೂಗೋಳವನ್ನೂ ಕನ್ನಡದಲ್ಲಿ ಪರೀಕ್ಷಿಸಿ, ಇಂಗ್ಲಿಷಿನ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಇಡಲಿ. ಪೈಲಟ್‌ಗೆ ಇಂಗ್ಲಿಷ್ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತ್ರಿಕೋನದ ಲೆಕ್ಕ ಬರುತ್ತದೆಯೋ ಇಲ್ಲವೋ ಎಂದು ನೋಡಲು ಕನ್ನಡವೇಕೆ ಸಾಲದು? ಎಂಟುನೂರು ವರ್ಷಗಳ ಹಿಂದೆಯೇ ಅತ್ಯಂತ ಗಹನವಾದ ಅನುಭವವನ್ನು ಜನದ ಮಾತಿನಲ್ಲಿ ಹೇಳಿ ತೋರಿಸಿದ ಶರಣರ ಊರಿನವರು ಈ ಪ್ರಶ್ನೆ ಕೇಳದೆ ಇದ್ದರೆ ಇನ್ನಾರು ಕೇಳಬೇಕು?

ಸಣ್ಣ ಊರಿನವರಿಂದ ಇದು ಆಗದ ಕೆಲಸವೆಂಬವರಿಗೆ ಒಂದು ಉದಾಹರಣೆ. 2016ರಲ್ಲಿ ನಮ್ಮ ದೇಶದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳು ವಾಯುಪಡೆಯನ್ನು ಸೇರಿದಾಗ, ಅವರು ಮುಂದಿನ ಪಾಠಕ್ಕೆ ಬಂದುದು ನಮ್ಮ ಬೀದರಕ್ಕೇ. 2008ರಿಂದ ಇಲ್ಲಿರುವ ಹಾಕ್ ಜೆಟ್ ವಿಮಾನಗಳಲ್ಲಿ ಅವರು ಕಲಿತರು. ಅವರಲ್ಲಿ ಒಬ್ಬರಾದ ಅವನಿ ಚತುರ್ವೇದಿಯವರು ಶಾಲೆ ಓದಿದುದು ಮಧ್ಯಪ್ರದೇಶದ ದೇವಲೋಂದ್ ಎಂಬ ಚಿಕ್ಕ ಊರಿನಲ್ಲಿ. 2018ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗರು ಯುದ್ಧ ಪೈಲಟ್ ಆದರು. 2019ರ ಡಿಸೆಂಬರಿನಲ್ಲಿ ಬಿಹಾರದ ಮುಜಫ್ಫರಪುರದ ಶಿವಾಂಗಿಯವರು ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ ರಕ್ಷಣಾ ಅಕಾಡೆಮಿಯ ಬಾಗಿಲೂ ಹುಡುಗಿಯರಿಗೆ ತೆರೆಯಿತು. ದೇವಲೋಂದ್‌ಗೆ ಸಾಧ್ಯವಾದುದು ಹುಮನಾಬಾದಕ್ಕೆ ಏಕೆ ಅಸಾಧ್ಯ? ನಮ್ಮ ಸೋದರಿಯರು ಈ ಪ್ರಶ್ನೆಯನ್ನು ಮನೆಯಲ್ಲಿ ಗಟ್ಟಿಯಾಗಿಯೇ ಕೇಳಬೇಕೆಂದು ನನ್ನ ಆಶೆ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ದಯೆಯೇ ಧರ್ಮದ ಮೂಲವೆಂದು ಸಾರಿದ ನೆಲದಲ್ಲಿ ಯುದ್ಧದ ವಿಮಾನವನ್ನು ಹೊಗಳುವುದು ಸರಿಯೆ ಎಂದು ನಮ್ಮ ಹಿರಿಯ ಉಪನ್ಯಾಸಕರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಗಂಭೀರವಾದುದು. ಯುದ್ಧವನ್ನು ನಾನು ಹೊಗಳುವುದಿಲ್ಲ. ಮೊದಲ ಪಾಠದ ವಿಮಾನದಲ್ಲಿ ಬಾಂಬಿಲ್ಲ, ಬಂದೂಕಿಲ್ಲ. ಇರುವುದು ಎರಡು ಪೀಠ, ಒಬ್ಬ ಗುರು, ಒಬ್ಬ ಶಿಷ್ಯ. ಅಲ್ಲಿ ಕಲಿತವನು ಪ್ರವಾಹದಲ್ಲಿ ಸಿಕ್ಕವರನ್ನು ಮನೆಯ ಮಾಳಿಗೆಯಿಂದ ಎತ್ತಿ ತರುವವನೂ ಆಗುತ್ತಾನೆ, ಬಿರುಗಾಳಿಯಲ್ಲಿ ಮೀನುಗಾರರನ್ನು ಹುಡುಕುವವನೂ ಆಗುತ್ತಾನೆ. ಇನ್ನೊಂದು ಆಕ್ಷೇಪಣೆಯೂ ಉಂಟು: ಈಗ ಯಂತ್ರದ ಮುಂದೆ ಕುಳಿತು ಪರದೆಯ ಮೇಲೆ ಹಾರಾಟ ಕಲಿಯಬಹುದು, ಮುಂದೆ ಪೈಲಟ್ ಇಲ್ಲದ ವಿಮಾನಗಳೇ ಬರುತ್ತವೆ, ಈ ಹಳೆಯ ಮಾತೇಕೆ ಎಂದು. ಪರದೆಯ ಯಂತ್ರ ಒಳ್ಳೆಯ ಸಹಾಯಕ. ಆದರೆ ಅಲ್ಲಿ ಬಿದ್ದರೆ ಗುಂಡಿಯೊತ್ತಿ ಮತ್ತೆ ಆರಂಭಿಸಬಹುದು. ನಿಜವಾದ ಗಾಳಿಯಲ್ಲಿ ಹೊಟ್ಟೆ ತೊಳಸಿದಾಗಲೂ ಬುದ್ಧಿಯನ್ನು ಸ್ಥಿಮಿತದಲ್ಲಿಡುವ ಪಾಠ ಗಾಳಿಯಲ್ಲಿಯೇ ಆಗಬೇಕು. ಈಜನ್ನು ಪುಸ್ತಕದಿಂದ ಕಲಿತವರುಂಟೆ?

ಕಡೆಯದಾಗಿ ನನ್ನ ಸಲಹೆಗಳು. ಇವಕ್ಕೆ ಹಣ ಬೇಡ, ಮನಸ್ಸು ಬೇಕು. ಪ್ರತಿ ವರ್ಷ ಜನವರಿಯಲ್ಲಿ, ಹತ್ತನೆಯ ತರಗತಿಯವರು ಪರೀಕ್ಷೆಗೆ ಕೂರುವ ಮೊದಲು, ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಎರಡೂ ತಾಲೂಕುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಹೋಗಬೇಕು. ಯಾವ ವಿಷಯ ತೆಗೆದುಕೊಂಡರೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಕನ್ನಡದಲ್ಲಿ, ಉರ್ದು ಶಾಲೆಗಳಲ್ಲಿ ಉರ್ದುವಿನಲ್ಲಿ, ಮರಾಠಿ ಶಾಲೆಗಳಲ್ಲಿ ಮರಾಠಿಯಲ್ಲಿ, ಒಂದು ಗಂಟೆ ಹೇಳಿ ಬರಬೇಕು. ನಮ್ಮ ಎನ್.ಎಸ್.ಎಸ್. ಶಿಬಿರದ ಕಾರ್ಯಕ್ರಮದಲ್ಲಿ ಇದನ್ನು ಸೇರಿಸಲು ಅಡ್ಡಿಯಿಲ್ಲ. ಎರಡನೆಯದಾಗಿ, ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೋದಾಗ ಅರಮನೆ, ಉದ್ಯಾನಗಳ ಜೊತೆಗೆ ಎಚ್.ಎ.ಎಲ್. ಸಂಗ್ರಹಾಲಯಕ್ಕೂ ಹೋಗಿ, ಅಲ್ಲಿ ನಿಂತಿರುವ ಎಚ್.ಟಿ.-2ನ್ನು ನೋಡಿ ಬರೋಣ. ಬೀದರದ ಆಕಾಶವನ್ನು ಕಲಿಸುವ ಆಕಾಶವನ್ನಾಗಿ ಮಾಡಿದ ಆ ಸಣ್ಣ ವಿಮಾನಕ್ಕೆ ನಾವು ಒಂದು ನಮಸ್ಕಾರವನ್ನು ಸಲ್ಲಿಸಬೇಕು. ಮೂರನೆಯದಾಗಿ, ಮೊದಲ ವರ್ಷದ ತರಗತಿಗೆ ವಾರದಲ್ಲಿ ಒಂದು ಪಾಠವನ್ನಾದರೂ ನಮ್ಮ ಅತ್ಯಂತ ಹಿರಿಯ ಗುರುಗಳು ತೆಗೆದುಕೊಳ್ಳಬೇಕೆಂದು ಪ್ರಾಂಶುಪಾಲರಲ್ಲಿ ಪ್ರಾರ್ಥನೆ.

ಕಲ್ಯಾಣದ ಸಿಂಹಾಸನದಲ್ಲಿ ಕುಳಿತ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವೆಂಬ ಮಹಾ ಗ್ರಂಥವನ್ನು ಬರೆದನು. ರಾಜನೀತಿ, ಅಡುಗೆ, ಸಂಗೀತಗಳ ಜೊತೆಗೆ ಆನೆಯನ್ನು ಪಳಗಿಸುವುದನ್ನೂ ಕುದುರೆಯ ಸವಾರಿಯನ್ನೂ ಅವನು ಅದರಲ್ಲಿ ವಿವರಿಸಿದ್ದಾನೆ. ರಾಜ್ಯದ ಬಲ ಸೈನ್ಯದ ಎಣಿಕೆಯಲ್ಲಿ ಮಾತ್ರ ಇಲ್ಲ, ಕಲಿಸುವ ಕ್ರಮದಲ್ಲಿಯೂ ಇದೆ ಎಂದು ಅರಿತ ದೊರೆಯಿದ್ದ ನೆಲ ನಮ್ಮದು. ಆನೆ ಹೋಯಿತು, ಕುದುರೆ ಹೋಯಿತು, ಜೋಡಿ ರೆಕ್ಕೆಯ ವಿಮಾನವೂ ಹೋಯಿತು. ಹೊಸಬನ ಪಕ್ಕದಲ್ಲಿ ಕುಳಿತು, ಬೇಕಾದಾಗ ಹಿಡಿಕೆ ಹಿಡಿದು, ಹೊತ್ತು ಬಂದಾಗ ಕೈಬಿಡುವ ಗುರುವಿನ ಅವಶ್ಯಕತೆ ಮಾತ್ರ ಇನ್ನೂ ಹೋಗಿಲ್ಲ. ಅಂಥ ಗುರುವನ್ನು ನಮ್ಮ ಊರಿನ ಪ್ರತಿ ಮಗುವಿಗೂ ಒದಗಿಸೋಣ. ಹಾರುವ ಕೆಲಸವನ್ನು ಮಕ್ಕಳು ನೋಡಿಕೊಳ್ಳುತ್ತಾರೆ.